ಪಿನ್‌ಬಾಲ್ ಯಂತ್ರಕ್ಕೆ ಕೋಡ್ ಬರೆಯುವ ಕೆಲಸ: ಹೋಗಲೇ, ಬೇಡವೇ?

ಪ್ರಶ್ನೆ: ನನಗೆ 32 ವರ್ಷ, ಊರು ಹಾಸನ. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಮುಗಿಸಿ ಅಮೆರಿಕದಲ್ಲಿ ಎಂ.ಎಸ್. ಮಾಡಿದೆ. ಈಗ ಶಿಕಾಗೊ ಹತ್ತಿರದ ಷಾಂಬರ್ಗ್‌ನಲ್ಲಿದ್ದೇನೆ. ಆರು ವರ್ಷದಿಂದ ವಾಹನದ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಎಂಬೆಡೆಡ್, ಅಂದರೆ ಯಂತ್ರದೊಳಗೇ ಕೂತು ಅದನ್ನು ನಡೆಸುವ, ಸಾಫ್ಟ್‌ವೇರ್ ಕೆಲಸ. ಎಚ್-1ಬಿ ವೀಸಾ, ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದೆ. ಇಲ್ಲಿಗೆ ಬಂದ ಮೇಲೆ ಪಿನ್‌ಬಾಲ್ ಹುಚ್ಚು ಹಿಡಿಯಿತು. ಹೆಂಗಸರ ಲೀಗ್‌ನಲ್ಲಿ ಮೂರು ವರ್ಷ ಆಡಿದೆ. 80ರ ದಶಕದ ಒಂದು ಕೆಟ್ಟ ಯಂತ್ರ ತಂದು, ಗರಾಜಿನಲ್ಲೇ ಹೊಸ ಬೋರ್ಡು ಹಾಕಿ, ರೂಲ್ಸ್ ಎಲ್ಲ ನಾನೇ ಬರೆದೆ. ಅದನ್ನು ಆಡಿ ನೋಡಿದ ಒಂದು ಪಿನ್‌ಬಾಲ್ ಕಂಪನಿಯವರು ಪ್ರೋಗ್ರಾಮರ್ ಆಗಿ ಬನ್ನಿ, ರೂಲ್ಸ್ ವಿನ್ಯಾಸವೂ ನಿಮಗೇ ಅಂದಿದ್ದಾರೆ. ಸಂಬಳ ಈಗಿನದಕ್ಕಿಂತ ಕಾಲು ಭಾಗ ಕಡಿಮೆ. ಅಪ್ಪ ನಿವೃತ್ತ ಹೆಡ್‌ಮಾಸ್ಟರು. "ಜೂಜಿನ ಡಬ್ಬಕ್ಕೆ ಪ್ರೋಗ್ರಾಂ ಬರೆಯೋಕೆ ನಿನ್ನ ಅಷ್ಟು ದೂರ ಕಳಿಸಿದ್ನೇನಮ್ಮ" ಅಂದರು. ನನ್ನ ಯಜಮಾನರು ಅದು ಸಾಯುತ್ತಿರುವ ಉದ್ಯಮ ಅನ್ನುತ್ತಾರೆ. ಆ ತಂಡದಲ್ಲಿ ನಾನೊಬ್ಬಳೇ ಹೆಂಗಸು. ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು. ಹೋಗಲೇ?

ಉತ್ತರ: ನೀವು ಕೇಳಿದ್ದು ಒಂದೇ ಮಾತು. ಅದರೊಳಗೆ ಅಪ್ಪನ ಬೇಸರ, ಯಜಮಾನರ ಹೆದರಿಕೆ, ಗಂಡಸರ ನಡುವೆ ಒಬ್ಬಳೇ ಕೂರುವ ಅಳುಕು ಎಲ್ಲ ಇದೆ. ವೀಸಾ ವಿಷಯವನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ, ನನ್ನ ಕಣ್ಣು ಮೊದಲು ನಿಂತಿದ್ದು ಅಲ್ಲೇ. ನಾನು ಶಿಕಾಗೊ ಸುತ್ತಮುತ್ತ 19 ವರ್ಷದಿಂದ ಆಟದ ಯಂತ್ರಗಳಿಗೆ ಕೋಡ್ ಬರೆಯುತ್ತಿರುವವಳು, ಅದರಲ್ಲಿ 11 ವರ್ಷ ಪಿನ್‌ಬಾಲ್. ಒಂದೊಂದಾಗಿ ಬಿಡಿಸುತ್ತೇನೆ.

ಪಿನ್‌ಬಾಲ್ ನೋಡದ ಓದುಗರಿಗೆ ಎರಡು ಮಾತು. ಜಾತ್ರೆಯಲ್ಲಿ ಮೊಳೆ ಹೊಡೆದ ಹಲಗೆ ಮಾರುತ್ತಿದ್ದರಲ್ಲ, ಸ್ಪ್ರಿಂಗ್ ಎಳೆದು ಬಿಟ್ಟರೆ ಗೋಲಿ ಮೇಲೆ ಹೋಗಿ ಮೊಳೆಗಳ ನಡುವೆ ಉರುಳಿ ಯಾವುದೋ ಮನೆಗೆ ಬೀಳುವಂಥದ್ದು? ಅದೇ ವಂಶದ ಆಟ ಇದು. ಆಳೆತ್ತರದ ಪೆಟ್ಟಿಗೆ, ಗಾಜಿನ ಕೆಳಗೆ ಇಳಿಜಾರಾದ ಹಲಗೆ, ಅದರ ಮೇಲೆ ಉಕ್ಕಿನ ಗುಂಡು. ಗುಂಡು ಕೆಳಗೆ ಬಿದ್ದುಹೋಗದಂತೆ ಆಡುವವರು ಎರಡು ಗುಂಡಿ ಒತ್ತಿ ಫ್ಲಿಪ್ಪರ್ ಎಂಬ ಪುಟ್ಟ ಕೈಗಳಿಂದ ಅದನ್ನು ಮತ್ತೆ ಮೇಲಕ್ಕೆ ಹೊಡೆಯುತ್ತಾರೆ. ಕಾಲೇಜಿನ ಲ್ಯಾಬಿನಲ್ಲಿ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಮುಂದೆ ಕೂತಿದ್ದವರಿಗೆ ಅದರಲ್ಲಿದ್ದ ಸ್ಪೇಸ್ ಕೆಡೆಟ್ ಪಿನ್‌ಬಾಲ್ ನೆನಪಿರುತ್ತದೆ.

ಜೂಜು ಅಂದ ನಿಮ್ಮ ತಂದೆಯವರ ಮಾತಿಗೆ ಬುಡವಿದೆ. 1930ರ ದಶಕದ ಯಂತ್ರಗಳಲ್ಲಿ ಫ್ಲಿಪ್ಪರ್ ಇರಲಿಲ್ಲ. ಗುಂಡು ಬಿಟ್ಟ ಮೇಲೆ ಕೈಕಟ್ಟಿ ನೋಡುವುದಷ್ಟೇ, ಕೆಲವು ಯಂತ್ರಗಳು ಗೆದ್ದವರಿಗೆ ಕಾಸನ್ನೂ ಉದುರಿಸುತ್ತಿದ್ದವು. 1942ರಲ್ಲಿ ನ್ಯೂಯಾರ್ಕ್ ಮೇಯರ್ ಲಾ ಗಾರ್ಡಿಯಾ ಊರಿನಲ್ಲೆಲ್ಲ ಪಿನ್‌ಬಾಲ್ ನಿಷೇಧಿಸಿ, ತಾವೇ ಸುತ್ತಿಗೆ ಹಿಡಿದು ಯಂತ್ರ ಒಡೆದರು. ಯಂತ್ರಗಳು ತಯಾರಾಗುತ್ತಿದ್ದ ಶಿಕಾಗೊದಲ್ಲಿಯೇ 70ರ ದಶಕದವರೆಗೂ ನಿಷೇಧ ಇತ್ತು. ಇದರ ನಡುವೆ, 1947ರಲ್ಲಿ, ಗಾಟ್‌ಲೀಬ್ ಕಂಪನಿಯ ಹಂಪ್ಟಿ ಡಂಪ್ಟಿ ಯಂತ್ರದಲ್ಲಿ ಆರು ಫ್ಲಿಪ್ಪರ್ ಬಂದವು, ಆಟ ಆಡುವವರ ಕೈಗೆ ಬಂತು. ಕಾನೂನು ಅದನ್ನು ಒಪ್ಪಲು 1976 ಆಗಬೇಕಾಯಿತು. ನ್ಯೂಯಾರ್ಕ್ ನಗರಸಭೆಯ ಸಮಿತಿಯ ಎದುರು ರೋಜರ್ ಶಾರ್ಪ್ ಎಂಬ ಆಟಗಾರ, ಈ ಗುಂಡನ್ನು ನಡುವಿನ ದಾರಿಯಲ್ಲೇ ಇಳಿಸುತ್ತೇನೆ ಎಂದು ಮೊದಲೇ ಹೇಳಿ, ಹಾಗೆಯೇ ಇಳಿಸಿ ತೋರಿಸಿದರು. ನಿಷೇಧ ಹೋಯಿತು. ಇದನ್ನು ತಂದೆಯವರಿಗೆ ಹೇಳಿ. ನಾಲ್ಕು ದಶಕ ಪಾಠ ಮಾಡಿದವರು, ಸಾಕ್ಷಿ ಕೊಟ್ಟರೆ ಕೇಳುತ್ತಾರೆ ಅನ್ನುವುದು ನನ್ನ ನಂಬಿಕೆ.

ಯಜಮಾನರ ಹೆದರಿಕೆ ಇನ್ನೂ ಗಟ್ಟಿಯಾದದ್ದು. 1992ರ ದಿ ಆಡಮ್ಸ್ ಫ್ಯಾಮಿಲಿ ಯಂತ್ರ 20,270 ಮಾರಾಟವಾಯಿತು. ಅಲ್ಲಿಂದ ಏಳೇ ವರ್ಷಕ್ಕೆ, 1999ರ ಅಕ್ಟೋಬರ್‌ನಲ್ಲಿ, ಅದನ್ನು ಮಾಡಿದ್ದ ವಿಲಿಯಮ್ಸ್ ಸಂಸ್ಥೆ ಪಿನ್‌ಬಾಲ್ ವಿಭಾಗವನ್ನೇ ಮುಚ್ಚಿತು. ಮುಂದಿನ ಹತ್ತು ವರ್ಷ ದೊಡ್ಡ ಪ್ರಮಾಣದಲ್ಲಿ ಯಂತ್ರ ಮಾಡುತ್ತಿದ್ದದ್ದು ಸ್ಟರ್ನ್ ಒಂದೇ. 2011ರಲ್ಲಿ ಜರ್ಸಿ ಜಾಕ್ ಶುರುವಾದ ಮೇಲೆ ಗಾಳಿ ತಿರುಗಿತು. ಇವತ್ತು ಈ ಎರಡೂ ಕಂಪನಿಗಳು ನಿಮ್ಮ ಪಕ್ಕದ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿವೆ. ವಿಸ್ಕಾನ್ಸಿನ್‌ನ ಬೆಂಟನ್ ಎಂಬ ಪುಟ್ಟ ಊರಲ್ಲಿ ಸ್ಪೂಕಿ ಎಂಬ ಇನ್ನೊಂದು ಕಂಪನಿ ಇದೆ. ಆದರೆ ಕೊಳ್ಳುವವರು ಬದಲಾಗಿದ್ದಾರೆ. ಹಿಂದೆ ಅಂಗಡಿ, ಬಾರುಗಳಿಗೆ ಹೋಗುತ್ತಿದ್ದ ಯಂತ್ರ ಈಗ ಹೆಚ್ಚಾಗಿ ಉಳ್ಳವರ ಮನೆಯ ಬೇಸ್‌ಮೆಂಟಿಗೆ ಹೋಗುತ್ತದೆ. ಬೆಲೆ ಸುಮಾರು 7,000ದಿಂದ 13,000 ಡಾಲರ್. ಜನ ಕೈ ಬಿಗಿಹಿಡಿದ ವರ್ಷ ಮೊದಲು ಮುಂದೂಡುವುದು ಇಂಥ ಖರೀದಿಯನ್ನೇ. ಮುಂಗಡ ಪಡೆದು ಯಂತ್ರ ಕೊಡಲಾಗದೆ ಬಾಗಿಲು ಹಾಕಿದ ಸಣ್ಣ ಕಂಪನಿಗಳೂ ಇವೆ. ಆದ್ದರಿಂದ ಕೇಳಬೇಕಾದ್ದು "ಪಿನ್‌ಬಾಲ್ ಉಳಿಯುತ್ತದೆಯೇ" ಅಂತಲ್ಲ, "ಈ ಕಂಪನಿಯ ಹಿಂದಿನ ಯಂತ್ರ ಹೇಳಿದ ದಿನಕ್ಕೆ ಗ್ರಾಹಕರ ಮನೆ ಸೇರಿತೇ" ಅಂತ. ಅದನ್ನು ಕೊಂಡವರನ್ನೇ ಹುಡುಕಿ ಕೇಳಿ. ಲೀಗ್ ಆಡಿದವರು ನೀವು, ಅವರು ನಿಮಗೆ ಗೊತ್ತಿರುತ್ತಾರೆ.

ಇನ್ನು ಕೆಲಸಕ್ಕೆ ಬರೋಣ. ಗರಾಜಿನ ಯಂತ್ರಕ್ಕೂ ಕಾರ್ಖಾನೆಯ ಯಂತ್ರಕ್ಕೂ ನಡುವೆ ಒಂದು ಹಳ್ಳ ಇದೆ.

ಪ್ರೋಗ್ರಾಮಿಗೆ ಗುಂಡು ಕಾಣುವುದಿಲ್ಲ. 80 ಗ್ರಾಂ ತೂಕದ, 27 ಮಿಲಿಮೀಟರ್‌ನ ಆ ಗುಂಡು ಆರೂವರೆ ಡಿಗ್ರಿ ಇಳಿಜಾರಿನಲ್ಲಿ ಓಡಾಡುತ್ತಿರುತ್ತದೆ. ನಮಗೆ ತಿಳಿಯುವುದು ಅದು ಯಾವ ಸ್ವಿಚ್ ತಾಗಿತು ಅನ್ನುವುದಷ್ಟೇ. ಒಂದು ಸ್ವಿಚ್‌ಗೂ ಇನ್ನೊಂದಕ್ಕೂ ನಡುವೆ ಗುಂಡು ಎಲ್ಲಿದೆ ಅಂತ ಊಹಿಸಬೇಕು. 90ರ ದಶಕದ ವಿಲಿಯಮ್ಸ್ ಬೋರ್ಡಿನಲ್ಲಿ ಎಂಟು ಸಾಲು ಎಂಟು ಕಂಬದ ಜಾಲದಲ್ಲಿ 64 ಸ್ವಿಚ್, 2 ಮೆಗಾಹರ್ಟ್ಜ್ ವೇಗದ ಮೊಟೊರೊಲಾ 6809 ಪ್ರೊಸೆಸರ್, 8 ಕಿಲೋಬೈಟ್ ರ‍್ಯಾಮ್ ಇದ್ದವು. ಆಡಮ್ಸ್ ಫ್ಯಾಮಿಲಿ ಓಡಿದ್ದು ಅಷ್ಟರಲ್ಲೇ. ಇವತ್ತು ಒಳಗೆ ಲಿನಕ್ಸ್ ಇರುತ್ತದೆ, ಎದುರಿಗೆ ದೊಡ್ಡ ಪರದೆ ಇರುತ್ತದೆ, ಆ ಕುರುಡುತನ ಮಾತ್ರ ಹಾಗೇ ಇದೆ.

ನಿಮ್ಮ ಗರಾಜಿನ ಯಂತ್ರದಲ್ಲಿ ಗುಂಡು ಎಲ್ಲೋ ಸಿಕ್ಕಿಕೊಂಡರೆ ನೀವೇ ಗಾಜು ಸರಿಸಿ ತೆಗೆಯುತ್ತೀರಿ. ಮಾರಿದ ಯಂತ್ರದಲ್ಲಿ ಅದು ಕೋಡಿನ ಕೆಲಸ. ಇಷ್ಟು ಸೆಕೆಂಡು ಯಾವ ಸ್ವಿಚ್ಚೂ ಮಿಡಿಯಲಿಲ್ಲ ಅಂದರೆ ಯಂತ್ರ ಒಂದೊಂದೇ ಕಾಯಿಲ್ (ಕರೆಂಟ್ ಹರಿದಾಗ ಕಬ್ಬಿಣದ ಕಡ್ಡಿಯನ್ನು ಎಳೆಯುವ ತಂತಿಸುರುಳಿ) ಹೊಡೆದು ಗುಂಡನ್ನು ಹುಡುಕಬೇಕು. ಆದರೆ ಆಡುವವರು ಫ್ಲಿಪ್ಪರ್ ಎತ್ತಿ ಗುಂಡನ್ನು ಅದರ ಮೇಲೆ ನಿಲ್ಲಿಸಿಕೊಂಡು ಯೋಚಿಸುತ್ತಿದ್ದರೆ ಹುಡುಕಬಾರದು. ಒಂದು ಸ್ವಿಚ್ ಸತ್ತರೆ ಅದನ್ನು ಗುರುತಿಸಿ, ಅದಿಲ್ಲದೆಯೂ ಆಟ ಮುಂದುವರಿಯುವ ದಾರಿ ಮಾಡಬೇಕು. ಗುಂಡುಗಳು ಹಳೆಯದಾಗಿ ಅಯಸ್ಕಾಂತದ ಗುಣ ಹಿಡಿದು ಒಂದಕ್ಕೊಂದು ಅಂಟಿದರೆ ಲೆಕ್ಕ ತಪ್ಪುತ್ತದೆ, ಅದಕ್ಕೂ ಉತ್ತರ ಬರೆದಿರಬೇಕು. ಆಡುವವರಿಗೆ ಇದು ಯಾವುದೂ ಕಾಣುವುದಿಲ್ಲ. ನನ್ನ ಲೆಕ್ಕದಲ್ಲಿ ನಾವು ಬರೆಯುವ ಕೋಡಿನ ಅರ್ಧಕ್ಕಿಂತ ಹೆಚ್ಚು ಪಾಲು ಇಂಥದ್ದೇ.

ಕಾಯಿಲ್ ವಿಷಯದಲ್ಲಿ ನನಗಾದದ್ದನ್ನು ಹೇಳುತ್ತೇನೆ. ಫ್ಲಿಪ್ಪರಿನ ಕಾಯಿಲ್‌ಗೆ ಮೊದಲ ಹತ್ತಾರು ಮಿಲಿಸೆಕೆಂಡು ಪೂರ್ತಿ ಬಲ ಕೊಟ್ಟು, ಆಮೇಲೆ ಹಿಡಿದಿಡಲು ಬೇಕಾದಷ್ಟೇ ಕರೆಂಟ್ ಬಿಡಬೇಕು. ಗುಂಡನ್ನು ಕುಳಿಯಿಂದ ಹೊರಗೆ ಒದೆಯುವ ಕಾಯಿಲ್‌ಗಂತೂ ಒಂದು ತಟ್ಟು, ಅಷ್ಟೇ. ಪಿನ್‌ಬಾಲ್‌ಗೆ ಬಂದ ಎರಡನೇ ವರ್ಷ, ಒದ್ದ ಗುಂಡು ಮತ್ತೆ ಅದೇ ಕುಳಿಗೆ ಬಿದ್ದರೆ ಏನಾಗಬೇಕು ಅನ್ನುವ ಜಾಗದಲ್ಲಿ ನಾನು ಟೈಮರ್ ಹೊಸದಾಗಿ ಶುರು ಮಾಡಿ, ಕಾಯಿಲ್ ಆರಿಸುವ ಸಾಲು ಬಿಟ್ಟಿದ್ದೆ. ಮಾದರಿ ಯಂತ್ರದಲ್ಲಿ ಮೂರು ದಿನ ಹಾಗಾಗಲೇ ಇಲ್ಲ. ನಾಲ್ಕನೇ ದಿನ ಗುಂಡು ಕುಳಿಯ ಅಂಚಿಗೆ ತಗುಲಿ ವಾಪಸು ಬಿತ್ತು. ಮೊದಲು ಸಣ್ಣ ಗುಂಯ್ ಸದ್ದು, ಆಮೇಲೆ ವಾರ್ನಿಶ್ ಸುಟ್ಟ ವಾಸನೆ. ಹಲಗೆ ಎತ್ತಿ ನೋಡಿದರೆ ಕಾಯಿಲ್ ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ಕಬ್ಬಿಣದ ಕಡ್ಡಿಗೆ ಅಂಟಿತ್ತು. ಯಾರದೋ ಮನೆಯಲ್ಲಿ, ಮಕ್ಕಳು ಆಡುತ್ತಿರುವಾಗ ಆಗಿದ್ದರೆ? ಅವತ್ತಿನಿಂದ ಪ್ರತಿ ಕಾಯಿಲ್‌ಗೂ ಆಟದ ಕೋಡ್ ಮುಟ್ಟಲಾಗದ ಕೆಳಪದರದಲ್ಲಿ ಸಮಯದ ಮಿತಿ ಇಡುತ್ತೇನೆ. ವಾಹನದ ಕೆಲಸದಿಂದ ಬರುವ ನಿಮಗೆ ಈ ಎಚ್ಚರ ರಕ್ತದಲ್ಲೇ ಇರುತ್ತದೆ. ಅವರು ನಿಮ್ಮನ್ನು ಕರೆದಿರುವ ಕಾರಣಗಳಲ್ಲಿ ಅದೂ ಒಂದು ಇರಬೇಕು, ಸಂಬಳದ ಮಾತಿನಲ್ಲಿ ಅದನ್ನು ಮರೆಯಬೇಡಿ.

ಇನ್ನು ರೂಲ್ಸ್. ಹೊರಗಿನವರು ಇದನ್ನು "ಎಲ್ಲಿ ಹೊಡೆದರೆ ಎಷ್ಟು ಪಾಯಿಂಟ್" ಅಂತ ತಿಳಿದಿದ್ದಾರೆ. ಹಾಸನದವರು ನೀವು, ಚೌಕಾಬಾರ ಆಡಿಯೇ ಇರುತ್ತೀರಿ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಈ ಒಂದು ಕಟ್ಟಳೆ ತೆಗೆದುಬಿಡಿ, ಎಲ್ಲರೂ ತಮ್ಮ ಪಾಡಿಗೆ ಕವಡೆ ಹಾಕುತ್ತ ಸುತ್ತುತ್ತಾರೆ, ಜಗಳ ಇಲ್ಲ, ಆಟವೂ ಇಲ್ಲ. ರೂಲ್ಸ್ ಬರೆಯುವವಳು ಹುಡುಕುವುದು ಅಂಥ ಕಟ್ಟಳೆಯನ್ನು. ಆಡಮ್ಸ್ ಫ್ಯಾಮಿಲಿಯಲ್ಲಿ ಪ್ಯಾಟ್ ಲಾಲರ್ ಹಲಗೆ ವಿನ್ಯಾಸ ಮಾಡಿದರು, ಲ್ಯಾರಿ ಡಿಮಾರ್ ಮತ್ತು ಮೈಕ್ ಬೂನ್ ಕೋಡ್ ಬರೆದರು. ಆ ಆಟದ ಬಂಗಲೆಯ 12 ಕೋಣೆಗಳನ್ನು ಒಂದೊಂದಾಗಿ ತೆರೆಯಬೇಕು, ಎಲ್ಲ ಮುಗಿದ ಮೇಲೆ ಬಂಗಲೆಯ ಪೂರ್ತಿ ಸುತ್ತಾಟ. ಮೊದಲ ಸಲ ಆಡುವ ಮಗುವಿಗೂ ಒಂದು ಕೋಣೆ ಸಿಗುತ್ತದೆ, ಪಳಗಿದವರಿಗೆ ಹನ್ನೆರಡನೆಯದು ವರ್ಷಗಟ್ಟಲೆ ಸತಾಯಿಸುತ್ತದೆ. ಅದೇ ಯಂತ್ರದಲ್ಲಿ ಒಂದು ಸಣ್ಣ ಫ್ಲಿಪ್ಪರನ್ನು ಯಂತ್ರ ತಾನೇ ಬೀಸುತ್ತದೆ, ಗುರಿ ತಪ್ಪಿದರೆ ಮುಂದಿನ ಸಲಕ್ಕೆ ತನ್ನ ಸಮಯ ತಿದ್ದಿಕೊಳ್ಳುತ್ತದೆ. ಇದು 1992ರ ಮಾತು. ಈಗಲೂ ಆ ಕೈ ಬೀಸುವಾಗ ನಾನು ಉಸಿರು ಬಿಗಿಹಿಡಿದು ನೋಡುತ್ತೇನೆ.

ಆಡುವವರ ಕಣ್ಣಿಗೆ ಬೀಳದ ಕರುಣೆಗಳೂ ರೂಲ್ಸ್‌ನಲ್ಲಿವೆ. ಪರದೆಯ ಮೇಲೆ ಎಣಿಕೆ ಸೊನ್ನೆಗೆ ಬಂದ ಮೇಲೂ ಒಂದೆರಡು ಸೆಕೆಂಡು ಹೊಡೆತವನ್ನು ಒಪ್ಪುತ್ತೇವೆ. ಸೊನ್ನೆ ಬಿದ್ದಾಗ ಗುಂಡು ಆಗಲೇ ರ‍್ಯಾಂಪ್ ಎಂಬ ಏರುದಾರಿ ಹತ್ತುತ್ತಿರುತ್ತದಲ್ಲ, ಅದನ್ನು ಕಿತ್ತುಕೊಂಡರೆ ಆಡುವವರಿಗೆ ಮೋಸ ಅನ್ನಿಸುತ್ತದೆ. ಇನ್ನೊಂದು ಕಡೆ ಕಠಿಣವಾಗಬೇಕಾದ ಜಾಗಗಳಿವೆ. ಒಮ್ಮೆ ನಾನು ಎಡಗಡೆಯ ರ‍್ಯಾಂಪಿಗೆ ತುಸು ಹೆಚ್ಚು ಬೆಲೆ ಕಟ್ಟಿದ್ದೆ. ನಮ್ಮ ಪರೀಕ್ಷಕರಲ್ಲಿ ಒಬ್ಬ ಪಂದ್ಯದ ಆಟಗಾರ ಎರಡೇ ದಿನದಲ್ಲಿ ಅದನ್ನು ಕಂಡುಹಿಡಿದು, ನಲವತ್ತು ನಿಮಿಷ ಬೇರೆ ಏನನ್ನೂ ಮುಟ್ಟದೆ ಅದೊಂದನ್ನೇ ಹೊಡೆದ. ಎಂಟು ತಿಂಗಳು ಕೂತು ಕಟ್ಟಿದ ಕಥೆ, ಬೆಳಕು, ಹಾಡು ಎಲ್ಲ ಸುಮ್ಮನೆ ನಿಂತಿದ್ದವು. ಬೆಲೆ ಇಳಿಸಿದರೆ ಹೊಸಬರಿಗೆ ಆ ರ‍್ಯಾಂಪ್ ಸಪ್ಪೆಯಾಗುತ್ತಿತ್ತು. ಕೊನೆಗೆ, ಅದನ್ನೇ ಮತ್ತೆ ಹೊಡೆದಷ್ಟೂ ಬೆಲೆ ಕುಗ್ಗಬೇಕು, ಬೇರೆ ಒಂದು ಹೊಡೆತ ಮಾಡಿದರೆ ಮತ್ತೆ ತುಂಬಿಕೊಳ್ಳಬೇಕು ಅಂತ ಬರೆದೆ. ಕೋಡಿನಲ್ಲಿ ಆರು ಸಾಲು, ಹೊಳೆಯಲು ಹಿಡಿದದ್ದು ಮೂರು ವಾರ.

ಸಿನಿಮಾ ಅಥವಾ ಸಂಗೀತ ತಂಡದ ಹೆಸರಲ್ಲಿ ಬರುವ ಯಂತ್ರವಾದರೆ ಹಕ್ಕುದಾರರ ಒಪ್ಪಿಗೆ ಬೇಕು. ದೃಶ್ಯ, ಮಾತು, ಚಿತ್ರ ಎಲ್ಲದಕ್ಕೂ. ನೀವು ಪ್ರೀತಿಯಿಂದ ಬರೆದ ಒಂದು ಮೋಡ್, ಅಂದರೆ ಆಟದೊಳಗಿನ ಒಂದು ಘಟ್ಟ, ಈ ಕಾರಣಕ್ಕೇ ಬಿದ್ದುಹೋಗಬಹುದು. ಈಗಿನ ಯಂತ್ರಗಳು ಪೂರ್ತಿ ಮುಗಿಯದ ಕೋಡಿನೊಂದಿಗೆ ಮಾರುಕಟ್ಟೆಗೆ ಹೋಗಿ, ಆಮೇಲೆ ಇಂಟರ್ನೆಟ್ಟಿನಲ್ಲಿ ಅಪ್‌ಡೇಟ್ ಪಡೆಯುವುದೂ ಮಾಮೂಲಾಗಿದೆ. ಯಂತ್ರ ಹೊರಬಿದ್ದ ಮೇಲೂ ವರ್ಷಗಟ್ಟಲೆ ಅದರ ಋಣ ನಿಮ್ಮ ಮೇಲಿರುತ್ತದೆ, ಹೊಸ ಯಂತ್ರದ ಕೆಲಸದ ಜೊತೆಗೇ.

ಒಬ್ಬಳೇ ಹೆಂಗಸು ಅನ್ನುವ ಮಾತಿಗೆ ನೇರವಾಗಿ ಉತ್ತರಿಸುತ್ತೇನೆ. ಈ ಉದ್ಯಮದಲ್ಲಿ ಹೆಂಗಸರು ಮೊದಲಿನಿಂದಲೂ ಇದ್ದರು. ಕಾರ್ಖಾನೆಯಲ್ಲಿ ತಂತಿ ಕಟ್ಟುಗಳನ್ನು ಹೊಂದಿಸಿದವರಲ್ಲಿ ಬಹಳ ಮಂದಿ ಅವರೇ. ಯಂತ್ರದ ಎದುರಿನ ಗಾಜಿನ ಮೇಲಂತೂ ಅರೆಬಟ್ಟೆಯ ಹೆಂಗಸರ ಚಿತ್ರಗಳೇ. 1980ರಲ್ಲಿ ಬಾಲಿ ಕಂಪನಿಯ ಕ್ಸೆನಾನ್ ಯಂತ್ರಕ್ಕೆ ಸುಝಾನ್ ಚಿಯಾನಿ ಸದ್ದು, ಸಂಗೀತ ಕಟ್ಟಿ ತಮ್ಮ ದನಿಯನ್ನೂ ಕೊಟ್ಟರು. ಪಿನ್‌ಬಾಲ್ ಯಂತ್ರ ಹೆಣ್ಣುದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಕೋಡ್ ಬರೆಯುವ ಕುರ್ಚಿಯಲ್ಲಿ ಮಾತ್ರ ನಮ್ಮ ಸಂಖ್ಯೆ ಇಂದಿಗೂ ತೀರಾ ಕಡಿಮೆ. ಆಡುವ ಕಡೆ ಕಾಲ ಬದಲಾಗಿದೆ. ಓಕ್‌ಲ್ಯಾಂಡ್‌ನಲ್ಲಿ ಹುಟ್ಟಿದ ಬೆಲ್ಸ್ ಅಂಡ್ ಚೈಮ್ಸ್ ಹೆಂಗಸರ ಲೀಗ್ ಊರೂರಿಗೆ ಹಬ್ಬಿದೆ, ಹೆಂಗಸರ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿದೆ.

ನನ್ನ ಅನುಭವದಲ್ಲಿ ಎದುರಿಗೆ ನಿಂತು ಅವಮಾನ ಮಾಡಿದವರು ಕಡಿಮೆ. ಕಷ್ಟ ಬರುವುದು ಕೆಲಸ ಜಾರುವುದರಲ್ಲಿ. ರೂಲ್ಸ್ ಬರೆಯಲು ಕರೆದಿರುತ್ತಾರೆ. ಆರು ತಿಂಗಳು ಕಳೆಯುವಷ್ಟರಲ್ಲಿ ಸೆಟ್ಟಿಂಗ್ಸ್ ಮೆನು, ಅನುವಾದದ ಪಟ್ಟಿ, ಪರೀಕ್ಷಕರ ವೇಳಾಪಟ್ಟಿ ನಿಮ್ಮ ಮೇಜಿನ ಮೇಲಿರುತ್ತವೆ, "ನೀವು ಅಚ್ಚುಕಟ್ಟಾಗಿ ಮಾಡ್ತೀರಿ" ಅನ್ನುವ ಹೊಗಳಿಕೆಯ ಜೊತೆಗೆ. ನಾನಿದ್ದ ಒಂದು ಕಡೆ ನನ್ನ ರೂಲ್ಸ್ ಎರಡು ವರ್ಷ ಬೇರೆಯವರ ಬಾಯಲ್ಲಿ ಸಭೆಗೆ ಹೋದವು. ಕೊನೆಗೆ ಯಂತ್ರದೊಳಗೆ ತೋರಿಸುವ, ಅದನ್ನು ಮಾಡಿದವರ ಹೆಸರಿನ ಪಟ್ಟಿಯಲ್ಲಿ ನಾನು "ಸಹಾಯ" ಅನ್ನುವ ಸಾಲಿನಲ್ಲಿದ್ದೆ. ಈಗಲೂ ಆ ಯಂತ್ರ ಎದುರಾದರೆ ಹೊಟ್ಟೆ ಉರಿಯುತ್ತದೆ. ಅಲ್ಲಿಂದ ಕಲಿತದ್ದನ್ನು ನಿಮಗೆ ಹೇಳುತ್ತಿದ್ದೇನೆ: ರೂಲ್ಸ್ ದಾಖಲೆಯನ್ನು ಮೊದಲ ದಿನದಿಂದ ನಿಮ್ಮ ಹೆಸರು, ದಿನಾಂಕ ಹಾಕಿ ಬರೆಯಿರಿ, ಸಭೆಯಲ್ಲಿ ನೀವೇ ಎದ್ದು ವಿವರಿಸಿ.

ಈಗ ವೀಸಾ. ನಾನು ವಕೀಲಳಲ್ಲ, ನಿಯಮಗಳೂ ಮೇಲಿಂದ ಮೇಲೆ ಬದಲಾಗುತ್ತಿವೆ, ಹೀಗಾಗಿ ಸಹಿ ಹಾಕುವ ಮೊದಲು ನಿಮ್ಮದೇ ವಕೀಲರನ್ನು ಕಾಣಿ, ಕಂಪನಿಯ ವಕೀಲರು ಕಂಪನಿಗಾಗಿ ಇರುವವರು. ಮೂಲ ವಿಷಯ ಇಷ್ಟು. ಎಚ್-1ಬಿಯಲ್ಲಿ ಇರುವವರು ಲಾಟರಿಗೆ ಮತ್ತೆ ಹೋಗದೆ ಕೆಲಸ ಬದಲಿಸಬಹುದು. ಐ-140 ಮಂಜೂರಾಗಿರುವುದರಿಂದ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಮ್ಮ ದಿನಾಂಕ ಸಾಮಾನ್ಯವಾಗಿ ನಿಮ್ಮದೇ ಆಗಿ ಉಳಿಯುತ್ತದೆ, ಹೊಸ ಕಂಪನಿ ಮಾತ್ರ ಅರ್ಜಿಯ ಕೆಲಸವನ್ನು ಮೊದಲಿನಿಂದ ಮಾಡಬೇಕು. ಅದಕ್ಕೆ ಖರ್ಚಿದೆ, ಸಣ್ಣ ಕಂಪನಿಗಳು ಇಲ್ಲೇ ಮೀನಮೇಷ ಎಣಿಸುತ್ತವೆ. ಕಂಪನಿ ಮುಚ್ಚಿದರೆ ಬೇರೆ ಕೆಲಸ ಹುಡುಕಲು ನಿಮಗೆ ಸಿಗುವುದು ಹೆಚ್ಚೆಂದರೆ 60 ದಿನ. ಇನ್ನೊಂದು ಸೂಕ್ಷ್ಮ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಎಚ್-1ಬಿ ಹುದ್ದೆಗೆ ನಿರ್ದಿಷ್ಟ ವಿಷಯದ ಪದವಿ ಬೇಕೇಬೇಕು ಅಂತ ತೋರಿಸಬೇಕು. "ಗೇಮ್ ರೂಲ್ಸ್ ಡಿಸೈನರ್" ಅಂತ ಹುದ್ದೆಯ ಹೆಸರು ಬರೆದರೆ ಅದನ್ನು ತೋರಿಸುವುದು ಕಷ್ಟ. "ಎಂಬೆಡೆಡ್ ಸಾಫ್ಟ್‌ವೇರ್ ಎಂಜಿನಿಯರ್" ಅಂತಿದ್ದರೆ ನಿಮ್ಮ ಬಿ.ಇ., ಎಂ.ಎಸ್. ಎರಡೂ ಅದಕ್ಕೆ ಒಗ್ಗುತ್ತವೆ. ಕಾಗದದಲ್ಲಿ ಅದಿರಲಿ, ಹೆಸರಿನ ಪಟ್ಟಿಯಲ್ಲಿ ರೂಲ್ಸ್ ಇರಲಿ.

ಹಾಗಾದರೆ ದಾರಿಗಳೇನು? ಈಗಲೇ ಸೇರಬಹುದು. ಸೇರಿದರೆ ಕಾಲು ಭಾಗ ಸಂಬಳ ಹೋಗುತ್ತದೆ, ಹೊಸ ಯಂತ್ರದ ಪ್ರದರ್ಶನಕ್ಕೆ ಮುಂಚಿನ ವಾರಗಳಲ್ಲಿ ರಾತ್ರಿಗಳೂ ಹೋಗುತ್ತವೆ. ಆರು ತಿಂಗಳ ಮನೆಖರ್ಚು ಕೈಯಲ್ಲಿದ್ದರೆ, ಯಜಮಾನರ ವೀಸಾ ನಿಮ್ಮದನ್ನೇ ನಂಬಿಕೊಂಡಿರದಿದ್ದರೆ, ನಾನು ಇದನ್ನೇ ಹೇಳುತ್ತೇನೆ. 32ಕ್ಕೆ ಎಂಬೆಡೆಡ್ ಅನುಭವ ಇಟ್ಟುಕೊಂಡು ಹೋದವರಿಗೆ ವಾಪಸು ಬರುವ ಬಾಗಿಲು ಮುಚ್ಚುವುದಿಲ್ಲ. ಇಬ್ಬರ ವೀಸಾವೂ ನಿಮ್ಮ ಕೆಲಸದ ಮೇಲೇ ನಿಂತಿದ್ದರೆ ಯಜಮಾನರ ಮಾತಿಗೆ ತೂಕ ಕೊಡಿ. ಆಗ ಈಗಿನ ಕೆಲಸದಲ್ಲೇ ಇದ್ದು, ಗರಾಜಿನ ಯಂತ್ರವನ್ನು ಇನ್ನೊಂದು ವರ್ಷ ತಿದ್ದಿ, ಅಕ್ಟೋಬರ್‌ನಲ್ಲಿ ಶಿಕಾಗೊ ಸುತ್ತಮುತ್ತ ನಡೆಯುವ ಪಿನ್‌ಬಾಲ್ ಎಕ್ಸ್‌ಪೋದಲ್ಲಿ ಜನರ ಮುಂದಿಡಬಹುದು. ಇದು ಎರಡನೇ ದರ್ಜೆಯ ದಾರಿ ಅಂದುಕೊಳ್ಳಬೇಡಿ. ಕೀತ್ ಎಲ್ವಿನ್ ತಮ್ಮ ಮನೆಯಲ್ಲಿ ಕಟ್ಟಿದ ಯಂತ್ರ ತೋರಿಸಿಯೇ ಸ್ಟರ್ನ್ ಸೇರಿದ್ದು, 2018ರ ಐರನ್ ಮೇಡನ್ ಹಲಗೆ ಅದರಿಂದಲೇ ಬೆಳೆದದ್ದು. ಈ ದಾರಿಯ ಅಪಾಯ ಅಂದರೆ ಕರೆದ ಕಂಪನಿ ಮತ್ತೆ ಕರೆಯದೆ ಇರಬಹುದು. ಸಂಜೆ ಹೊತ್ತು ಅವರಿಗೇ ಬಿಡಿಗೆಲಸ ಮಾಡಿಕೊಡುವ ಯೋಚನೆ ಮಾತ್ರ ಬೇಡ. ಎಚ್-1ಬಿಯಲ್ಲಿ ಅರ್ಜಿ ಹಾಕದ ಕಂಪನಿಯಿಂದ ದುಡ್ಡು ಪಡೆದು ದುಡಿಯುವಂತಿಲ್ಲ, ದುಡ್ಡಿಲ್ಲದೆ ಮಾಡುವುದೂ ತೊಂದರೆಗೆ ದಾರಿ.

ಯಾವ ದಾರಿ ಹಿಡಿದರೂ ಈ ಶನಿವಾರ ಒಂದು ಕೆಲಸ ಮಾಡಿ. ಪಿನ್‌ಬಾಲ್ ಗೊತ್ತೇ ಇಲ್ಲದ ಇಬ್ಬರನ್ನು, ಪಕ್ಕದ ಮನೆಯವರಾದರೂ ಸರಿ, ಗರಾಜಿಗೆ ಕರೆದು ನಿಮ್ಮ ಯಂತ್ರದ ಮುಂದೆ ನಿಲ್ಲಿಸಿ. ನೀವು ಹಿಂದೆ ನಿಂತು ಬಾಯಿ ಬಿಡದೆ ಅವರ ಕಣ್ಣು ಎಲ್ಲಿಗೆ ಹೋಗುತ್ತದೆ ನೋಡಿ. ಯಾವ ದೀಪ ಮಿನುಗುತ್ತಿದೆ, ಅದು ಏನು ಕೇಳುತ್ತಿದೆ ಅನ್ನುವುದು ಅವರಿಗೆ ತಾನಾಗಿ ತಿಳಿಯಿತೇ? ವಿವರಿಸಲು ನಿಮ್ಮ ನಾಲಿಗೆ ಎಷ್ಟು ಸಲ ತುರಿಸಿತು, ಎಣಿಸಿಕೊಳ್ಳಿ. ಪ್ರತಿ ಸಲದ್ದೂ ಒಂದು ಬಾಕಿ ಕೆಲಸ. ಆ ಪಟ್ಟಿ ಮಾಡುವಾಗ ಬೇಸರ ಬಂತೋ, ರಾತ್ರಿಯೇ ಕೂತು ತಿದ್ದಬೇಕು ಅನ್ನಿಸಿತೋ, ಅದನ್ನು ನೀವು ಮಾತ್ರ ಬಲ್ಲಿರಿ.

ಸೇರುವುದೇ ಆದರೆ ಕಂಪನಿಗೆ ಬರೆಯುವ ಪತ್ರದಲ್ಲಿ ನಾಲ್ಕು ವಿಷಯ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಮೊದಲ ಯಂತ್ರದಲ್ಲಿ ರೂಲ್ಸ್ ಬಗ್ಗೆ ಕೊನೆಯ ಮಾತು ಯಾರದು. ಹೆಸರಿನ ಪಟ್ಟಿಯಲ್ಲಿ ನಿಮ್ಮ ಹೆಸರು ಯಾವ ಸಾಲಿನಲ್ಲಿ ಬರುತ್ತದೆ. ಯಂತ್ರ ಹೊರಬಿದ್ದ ಮೇಲೆ ಅಪ್‌ಡೇಟ್ ಬರೆಯಲು ಎಷ್ಟು ತಿಂಗಳು, ಎಷ್ಟು ಜನ ಇರುತ್ತಾರೆ. ಗ್ರೀನ್ ಕಾರ್ಡ್ ಅರ್ಜಿಯನ್ನು ಯಾವ ತಿಂಗಳೊಳಗೆ ಶುರು ಮಾಡುತ್ತಾರೆ. ಇದರಲ್ಲಿ ಕೊನೆಯದಕ್ಕೆ "ಸೇರಿದ ಮೇಲೆ ನೋಡೋಣ" ಅನ್ನುವ ಉತ್ತರ ಬಂದರೆ ಸಹಿ ಹಾಕಬೇಡಿ.